ಬದುವಿನ ಒಂದೆಲಗ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಸೋಪು ಹಾಕಿ ಉಜ್ಜಿದರೂ ಹೋಗದ ಒಂದೆಲಗದ ಕರೆ ಅದು. ಸಾಲಿಗ್ರಾಮದ ಹತ್ತಿರದ ನಮ್ಮ ಗದ್ದೆಯ ಬದುವಿನ ತೇವದಲ್ಲಿ, ಹಾರನಹಳ್ಳಿಯ ತವರಿನಿಂದ ತಂದ ಬಳ್ಳಿಯನ್ನು ಅವರು ಹಬ್ಬಿಸಿದ್ದರು. ಬೆಳಗ್ಗೆ ಉಗುರಿನಲ್ಲೇ ಎಲೆ ಚಿವುಟಿ ತಂದು, ಕಾಯಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ಚಟ್ನಿ ಅರೆಯುತ್ತಿದ್ದರು. ಬಾಯಿಹುಣ್ಣು ಎಂದು ಬಂದವರಿಗೆ ಒಂದು ಹಿಡಿ ಸೊಪ್ಪು. ನೆಡುತ್ತೇವೆ ಎಂದವರಿಗೆ ಬೇರುಸಹಿತ ಬಳ್ಳಿ. ನನ್ನ ತಟ್ಟೆಗೆ ಮಾತ್ರ ಎರಡು ಸಲ ಬಡಿಸಿ, "ತಿನ್ನಮ್ಮಿ, ತಡವಾಗಾದ್ರೂ ಬುದ್ಧಿ ಬರ್ಲಿ" ಎನ್ನುತ್ತಿದ್ದರು. ಮಹಾ ಹಟದ ಹೆಂಗಸು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಬದುವಿನ ಆಚೆಯ ಗದ್ದೆ ಅವರ ಓರಗಿತ್ತಿಯದು, ನನಗೆ ಚಿಕ್ಕತ್ತೆ. ಆ ಬದು ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ನಾನು ಮದುವೆಯಾಗಿ ಬಂದ ಹೊಸದು. ಅತ್ತೆ ತವರಿನ ಮದುವೆಗೆ ಹೋಗಿದ್ದಾಗ, ಹಾವಿನ ಭಯಕ್ಕೆ ಬದುವಿನ ಉದ್ದಕ್ಕೂ ಕಳೆ ಔಷಧಿ ಹೊಡೆಸಿಬಿಟ್ಟೆ. ಹಂಪಾಪುರದ ಕಡೆಯ ಒಣಹೊಲಗಳಲ್ಲಿ ಬೆಳೆದವಳು ನಾನು. ಚಟ್ನಿಯಾಗಿ ಮಾತ್ರ ಕಂಡಿದ್ದ ಒಂದೆಲಗದ ಗುರುತು ಹುಲ್ಲಿನೊಳಗೆ ಸಿಗಲೇ ಇಲ್ಲ. ವಾರ ಕಳೆದು ಅತ್ತೆ ಬರುವಷ್ಟರಲ್ಲಿ ಬದು ಕೆಂಪಗೆ ಒಣಗಿತ್ತು. ಇದು ಓರಗಿತ್ತಿಯದೇ ಕೆಲಸವೆಂದು ಅವರ ಬಾಗಿಲಿಗೇ ಹೋಗಿ, ಬೀದಿಯವರೆಲ್ಲ ಕೇಳುವಂತೆ ಬೈದು ಬಂದರು. ನಾನು ಬಾಯಿ ಬಿಡಲಿಲ್ಲ.

ತವರಿಗೆ ಕಳಿಸಿಬಿಡುತ್ತಾರೆ ಎಂದು ಹೆದರುತ್ತಲೇ ಮೂರನೆಯ ದಿನ ಅಳುತ್ತಾ ನಿಜ ಹೇಳಿದೆ. ಅತ್ತೆ ಸೆರಗು ಸಿಕ್ಕಿಸಿ ಮೇಲೆದ್ದರು. ಆಮೇಲೆ "ಎದ್ದೇಳು, ಬಾ ನನ್ ಜೊತೆ" ಎಂದರು.

ಚಿಕ್ಕತ್ತೆಯ ಬಾಗಿಲಲ್ಲಿ ನಿಂತು, "ಔಷ್ದಿ ಹೊಡ್ಸಿ ಅಂತ ಊರಿಗೋಗೋವಾಗ ನಾನೇ ಅಂದಿದ್ದೆ ಕಣವ್ವ. ಮರ್ತು ನಿನ್ನ ಬೈದ್ಬುಟ್ಟೆ. ತಪ್ಪಾಯ್ತು" ಎಂದರು.

ಚಿಕ್ಕತ್ತೆ ಹಿತ್ತಲಿಗೆ ಹೋದರು. ಬಚ್ಚಲ ನೀರು ಹರಿಯುವ ಜಾಗದಿಂದ ಬೇರುಸಹಿತ ಒಂದು ಹಿಡಿ ಬಳ್ಳಿ ಕಿತ್ತು ತಂದು, "ನೀನೇ ಕೊಟ್ಟಿದ್ದು ಕಣಕ್ಕ, ಜಗಳಕ್ಕೆ ಮುಂಚೆ. ನೆಟ್ಕೊ ಓಗು" ಎಂದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಆ ದಿನದ ಮಾತನ್ನು ಅವರು ಯಾರ ಮುಂದೆಯೂ ಎತ್ತಿರಲಿಲ್ಲ. ಹನ್ನೊಂದನೆಯ ದಿನ ಎಡೆಗೆಂದು ಚಟ್ನಿ ಅರೆಯುವಾಗ ತಡೆಯಲಾಗದೆ, ಅತ್ತೆ ಹೇಳದೆಯೇ ಔಷಧಿ ಹೊಡೆಸಿದವಳು ನಾನೆಂದು ಚಿಕ್ಕತ್ತೆಗೆ ಹೇಳಿಬಿಟ್ಟೆ. ಕಾಯಿ ತುರಿಯುತ್ತಿದ್ದ ಅವರು ತುರಿಮಣೆ ಪಕ್ಕಕ್ಕೆ ಸರಿಸಿದರು.

"ನಮ್ಮಕ್ಕ ಹುಟ್ಟಿದಾಗ್ಲಿಂದ ತಪ್ಪಾಯ್ತು ಅಂದಿದ್ದು ಅದೊಂದೇ ಸಲ ಕಣಮ್ಮಿ. ಅದೂ ತಾನು ಮಾಡ್ದೇ ಇರೋ ತಪ್ಪಿಗಾ!"