ಭಟ್ಟರು ಗೆಲ್ಲಿಸಿದ ಕುಕ್ಕರ್

ಶ್ರೀಪತಿ ಭಟ್ಟರು ಯಾರನ್ನಾದರೂ ಬೈಯುವ ಮೊದಲು ಕನ್ನಡಕ ತೆಗೆಯುತ್ತಿದ್ದರು. ತೆಗೆದು, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದರು. ಅಷ್ಟರಲ್ಲಿ ತಪ್ಪು ಮಾಡಿದವರಿಗೆ ತಮ್ಮ ತಪ್ಪು ನೆನಪಾಗಿ, ನೆಪವೋ ಕ್ಷಮೆಯೋ ಒಂದು ಸಿದ್ಧವಾಗಿರುತ್ತಿತ್ತು. ಎಷ್ಟೋ ಸಲ ಬೈಯುವ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ನಂಜನಗೂಡಿನಿಂದ ಚೆನ್ನೈಗೆ ಬಂದು ಆ ಪುಟ್ಟ ವಿಡಿಯೊ ಗೇಮ್ ಕಂಪನಿಗೆ ಸೇರಿದ ಹೊಸತರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಅವರು ಕನ್ನಡಕ ಒರೆಸುತ್ತಿದ್ದರೆ ನಾನು ನನ್ನ ಕೆಲಸದ ಹೆಚ್ಚುಗಾರಿಕೆ ಕೊಚ್ಚಿಕೊಳ್ಳುತ್ತಲೇ ಇದ್ದೆ. ಪಕ್ಕದವಳು ಮೇಜಿನಡಿ ಕಾಲು ತುಳಿದರೂ ತಿಳಿಯಲಿಲ್ಲ. ಆಮೇಲೆ ಕೇಳಿಸಿಕೊಂಡಿದ್ದನ್ನು ಇಲ್ಲಿ ಬರೆಯುವುದು ಬೇಡ.

ಭಟ್ಟರಿಗೆ ಐವತ್ತು ದಾಟಿತ್ತು. ಮೀಸೆ ಚಿಗುರುತ್ತಿದ್ದ ಹುಡುಗರೇ ತುಂಬಿದ್ದ ನಮ್ಮ ಆಫೀಸಿನಲ್ಲಿ ಅವರೊಬ್ಬರೇ ಹಿರಿಯರು. ಅವರ ತಂದೆ ಉಡುಪಿ ಕಡೆಯಿಂದ ಚೆನ್ನೈಗೆ ಬಂದು ತ್ರಿಪ್ಲಿಕೇನ್‌ನಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟವರು. ಈಗ ಅದರ ಗಲ್ಲಾದಲ್ಲಿ ಭಟ್ಟರ ತಮ್ಮ ಅನಂತಣ್ಣ ಕೂರುತ್ತಿದ್ದರು. ಭಟ್ಟರು ಮಾತ್ರ ಗಲ್ಲಾ ಬಿಟ್ಟು, ಗೇಮಿನಲ್ಲಿ ಆಟಗಾರನಿಗೆ ಎದುರಾಗುವ ಶತ್ರುಗಳನ್ನು ರೂಪಿಸುವ ಕೆಲಸ ಹಿಡಿದಿದ್ದರು. ಜಿರಲೆಯನ್ನೂ ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಟ್ಟು ಬರುವ ಈ ಮನುಷ್ಯ, ಇಡೀ ದಿನ ಜನರನ್ನು ಹೇಗೆ ಸಾಯಿಸುವುದು ಎಂದು ಯೋಚಿಸುತ್ತಿದ್ದರು. ಅವರ ಲೆಕ್ಕದಲ್ಲಿ ಎರಡರ ನಡುವೆ ವಿರೋಧವೇನೂ ಇರಲಿಲ್ಲ.

"ಸಾಯಿಸುದು ದೊಡ್ಡ ಸಂಗತಿ ಅಲ್ಲ ಮಾರಾಯ್ತಿ," ಎನ್ನುತ್ತಿದ್ದರು. "ಸತ್ತವ ಎದೆ ತಟ್ಟಿಕೊಂಡು 'ಛೆ, ನಂದೇ ತಪ್ಪು' ಅನ್ಬೇಕು. ಮೇಜು ಕುಟ್ಟಿದ ಅಂದ್ರೆ ತಪ್ಪು ನಮ್ದು."

ಆಗ ನಾವು ಮಾಡುತ್ತಿದ್ದ ಗೇಮಿನ ನಾಯಕ ಒಂದು ಅಳಿಲು. ಅದು ಚೆನ್ನೈನ ತಾರಸಿಗಳ ಮೇಲೆ ಓಡುತ್ತಾ ಮನೆ ಸೇರಬೇಕು. ನಮ್ಮ ಹಿಂದಿನ ಗೇಮಿಗೆ ಒಂದಷ್ಟು ಅಭಿಮಾನಿಗಳಿದ್ದರು. ಅವರಿಗಾಗಿ ಮಾಲೀಕರು ಒಂದು ಸ್ಪರ್ಧೆ ಇಟ್ಟರು: ಅಳಿಲಿಗೆ ಒಬ್ಬ ಸರಳ ಶತ್ರುವನ್ನು ರೂಪಿಸಿ ಕಳಿಸಿ, ಒಂದು ಚಿತ್ರ, ಎರಡು ಸಾಲು ವಿವರಣೆ ಸಾಕು, ಗೆದ್ದದ್ದನ್ನು ಗೇಮಿಗೆ ಸೇರಿಸುತ್ತೇವೆ. ತೀರ್ಪುಗಾರರು ಭಟ್ಟರು. ಬಂದದ್ದನ್ನೆಲ್ಲ ಜೋಡಿಸಿ ಅವರ ಮುಂದಿಡುವ ಕೆಲಸ ನನ್ನದು.

'ಸರಳ' ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮೂರು ತಲೆಯ ಹದ್ದುಗಳು ಬಂದವು, ಕೈಗೊಂದು ಕತ್ತಿ ಹಿಡಿದ ಬೆಕ್ಕುಗಳು ಬಂದವು. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಭಟ್ಟರು ನನ್ನನ್ನು ತಮ್ಮ ಹೋಟೆಲಿಗೆ ಕರೆದೊಯ್ದು, ಮೂಲೆಯ ಮೇಜಿನಲ್ಲಿ ಕೂತು ಒಂದೊಂದಾಗಿ ನೋಡುತ್ತಿದ್ದರು. ಲೋಟದ ನೀರಿಗೆ ಬೆರಳದ್ದಿ ಆ ಶತ್ರುವನ್ನು ಮೇಜಿನ ಕಲ್ಲಿನ ಮೇಲೆ ಬಿಡಿಸುವುದು ಅವರ ಪರೀಕ್ಷೆ. ಫ್ಯಾನಿನ ಗಾಳಿಗೆ ನೀರು ಒಣಗುವ ಮೊದಲು ಬಿಡಿಸಿ ಮುಗಿಯಬೇಕು, ನೋಡಿದವರಿಗೆ ಗುರುತು ಸಿಗಬೇಕು. ಹದ್ದಿನ ಮೂರನೆಯ ತಲೆ ಬರುವಷ್ಟರಲ್ಲಿ ಮೊದಲನೆಯದು ಆರಿಹೋಗಿತ್ತು.

"ಇದೆಂತ ಎನಿಮಿಯಾ, ದಸರಾ ಮೆರವಣಿಗೆಯಾ? ರೊಂಬ ಓವರ್! ನಿಮ್ಮ ಮೈಸೂರಿಗೇ ಕಳಿಸು ಇದನ್ನು."

ನೀರಿನ ಪರೀಕ್ಷೆಯಲ್ಲಿ ಕೊನೆಗೆ ಉಳಿದದ್ದು ಎರಡು. ಒಂದು ಹೊಗೆಯ ಭೂತ. ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳಿಂದ ಎದ್ದು ಬಂದಂತಿದ್ದ ಬೂದು ಬಣ್ಣದ ಸುರುಳಿ, ಎರಡು ಕಣ್ಣು, ಅಷ್ಟೆ. ಅಳಿಲಿನ ಬೆನ್ನ ಹಿಂದೆ ತಟ್ಟನೆ ಮೂಡಿ ನುಂಗುತ್ತದೆ. ಬಿಡಿಸಿದವನು ಗೇಮುಗಳ ಬಗ್ಗೆ ವಿಡಿಯೊ ಮಾಡಿ ಹೆಸರಾದ ಹುಡುಗ. ಅವನ ಹಿಂದೆ ಜನವೋ ಜನ. ಇನ್ನೊಂದು, ತಾಂಬರಂನ ಒಬ್ಬ ಗೃಹಿಣಿ ಬಾಲ್ ಪೆನ್ನಿನಲ್ಲಿ ಬಿಡಿಸಿದ ಪ್ರೆಷರ್ ಕುಕ್ಕರ್. ಅದಕ್ಕೆ ಎರಡು ಕಾಲು. ತಾರಸಿಯ ಮೇಲೆ ಅತ್ತಿಂದಿತ್ತ ಓಡಾಡುತ್ತದೆ. ಮುಚ್ಚಳದ ಮೇಲಿನ ವೆಯ್ಟ್ ಮೆಲ್ಲಗೆ ಏಳುತ್ತದೆ, ಅಲುಗಾಡುತ್ತದೆ, ಆಮೇಲೆ ಮುಚ್ಚಳ ಹಾರುತ್ತದೆ. ಕೆಳಗೆ ತಮಿಳಿನಲ್ಲಿ ಒಂದೇ ಸಾಲು ಬರೆದಿದ್ದರು: ವೆಯ್ಟ್ ಎದ್ದಾಗ ಓಡು.

ನನ್ನ ಮನಸ್ಸು ಭೂತದ ಕಡೆಗಿತ್ತು. ಕುಕ್ಕರಿನಲ್ಲಿ ಏನಿದೆ ಮಣ್ಣು! "ಸಾರ್, ಭೂತ ಎಷ್ಟು ಚೆನ್ನಾಗಿದೆ ನೋಡಿ. ಮಾಲೀಕರಿಗೂ ಅದೇ ಬೇಕು. ಆ ಹುಡುಗ ಗೆದ್ದರೆ ನಮಗೆ ಬಿಟ್ಟಿ ಪ್ರಚಾರ."

"ಚಂದ ಉಂಟು. ಬರುವ ಮೊದ್ಲು ಎಂತ ಹೇಳ್ತದೆ ಅದು?"

"ಉಸ್ ಅಂತ ಶಬ್ದ ಬರುತ್ತೆ ಅಂತ ಬರೆದಿದ್ದಾನೆ ಸಾರ್."

ಅವರು ಲ್ಯಾಪ್‌ಟಾಪಿನ ಶಬ್ದ ಪೂರ್ತಿ ನಿಲ್ಲಿಸಿದರು. "ಈಗ?"

ಭಟ್ಟರು ಗಲ್ಲಾದ ಕಡೆ ನೋಡಿದರು. ಅನಂತಣ್ಣ ಗಿರಾಕಿಯೊಬ್ಬನಿಗೆ ಬೆರಳಿನಲ್ಲೇ ಲೆಕ್ಕ ತೋರಿಸಿ ಚಿಲ್ಲರೆ ಕೊಡುತ್ತಿದ್ದರು. ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ.

"ಸಣ್ಣವರಿದ್ದಾಗ ನಾವಿಬ್ರೂ ಹಿಂದಿನ ಗಲ್ಲಿಯ ವಿಡಿಯೊ ಪಾರ್ಲರಿಗೆ ಹೋಗ್ತಿದ್ವು," ಎಂದರು ಭಟ್ಟರು. "ಅವನ ಕೈ ನನಗಿಂತ ಚುರುಕು. ಒಂದು ಆಟ ಇತ್ತು. ಅದ್ರಲ್ಲಿ ಒಬ್ಬ ಎನಿಮಿ ಗಂಟೆ ಹೊಡೆದು ಬರುವವ. ನಾವೆಲ್ಲ ಗಂಟೆ ಕೇಳಿ ಹಾರ್ತಿದ್ವು. ಇವನಿಗೆ ಎಂತ ಗೊತ್ತು? ಪ್ರತಿ ಸಲ ಅಲ್ಲೇ ಸಾಯ್ತಿದ್ದ. ಒಂದಿನ ಸಿಟ್ಟು ಬಂದು ಮಿಷಿನಿಗೇ ಗುದ್ದಿದ. ಪಾರ್ಲರಿನವ ಕುತ್ತಿಗೆ ಹಿಡಿದು ಹೊರಗೆ ಹಾಕಿದ. ಸೋತದ್ದಕ್ಕೆ ಅಲ್ಲ ಮಾರಾಯ್ತಿ ಅವನಿಗೆ ಸಂಕಟ, ಯಾಕೆ ಸೋತೆ ಅಂತ ಗೊತ್ತಾಗ್ಲಿಲ್ಲಲ್ಲ, ಅದಕ್ಕೆ. ಮತ್ತೆ ಅವ ಯಾವ ಆಟವನ್ನೂ ಮುಟ್ಲಿಲ್ಲ. ಈ ಅಳಿಲನ್ನು ಅವನ ಕೈಗೆ ಕೊಡ್ಬೇಕು ನಾನು. ಅವ ಆಡ್ಬೇಕು."

ಅವರ ಕನ್ನಡಕದ ಗುಟ್ಟು ನನಗೆ ಅರ್ಥವಾದದ್ದು ಆವತ್ತು. ಕೂಗಿದರೆ ಕೇಳಿಸದ ತಮ್ಮನೊಡನೆ ಬೆಳೆದವರು ಸಿಟ್ಟನ್ನೂ ಮೊದಲು ಕಣ್ಣಿಗೆ ಕಾಣಿಸುವುದನ್ನೇ ರೂಢಿ ಮಾಡಿಕೊಂಡಿದ್ದರು.

ಭೂತವನ್ನು ಅವರು ಸುಮ್ಮನೆ ತಳ್ಳಿಹಾಕಲಿಲ್ಲ. ನುಂಗುವ ಮೊದಲು ಗೋಡೆಯ ಮೇಲೆ ನೆರಳಾದರೂ ಕಾಣುವಂತೆ ಮಾಡುತ್ತೀಯಾ ಎಂದು ಆ ಹುಡುಗನನ್ನು ಕೇಳಿದರು. ತಟ್ಟನೆ ಬರುವುದೇ ಅದರ ಸೊಗಸು, ಬದಲಾಯಿಸಲಾರೆ ಎಂದ ಅವನು. ಮಾಲೀಕರು ಭಟ್ಟರನ್ನು ಕರೆದು, ಇಷ್ಟು ದೊಡ್ಡ ಅವಕಾಶ ಕೈಬಿಡುವುದು ಹುಚ್ಚುತನ ಎಂದರು. ಭಟ್ಟರು ಕನ್ನಡಕ ತೆಗೆದರು. ಒರೆಸಿದರು. ಬೆಳಕಿಗೆ ಹಿಡಿದರು. ಮಾಲೀಕರಿಗೂ ಆ ಲಕ್ಷಣ ಗೊತ್ತಿತ್ತು.

"ಸರಿ ಸಾರ್, ಉಂಗ ಇಷ್ಟಂ," ಎಂದು ಕೈ ಚೆಲ್ಲಿದರು. "ಗೇಮ್ ಮಲಗಿದರೆ ಜವಾಬ್ದಾರಿ ನಿಮ್ಮದು."

"ನನ್ನದೇ," ಎಂದರು ಭಟ್ಟರು.

ಕುಕ್ಕರ್ ಗೆದ್ದಿತು. ಆ ಹುಡುಗ ತನ್ನ ವಿಡಿಯೊದಲ್ಲಿ ನಮ್ಮನ್ನು ಚೆನ್ನಾಗಿ ಜಾಡಿಸಿದ. ಅವನ ಕಡೆಯವರು ಭಟ್ಟರನ್ನು ಅಡುಗೆ ಭಟ್ಟ ಎಂದೆಲ್ಲ ಆಡಿಕೊಂಡರು. ಭಟ್ಟರು ಒಂದನ್ನೂ ಬಿಡದೆ ಓದಿ, "ಅಡುಗೆ ಭಟ್ಟನೇ ಅಲ್ವಾ ನನ್ನಪ್ಪ, ಇದ್ರಲ್ಲಿ ಬೈಗುಳ ಎಲ್ಲುಂಟು?" ಎಂದು ನಕ್ಕರು. ಆಮೇಲೆ ನಾವಿಬ್ಬರೂ ಕೂತು ಆ ವೆಯ್ಟ್ ಎಷ್ಟು ಹೊತ್ತು ಅಲುಗಾಡಬೇಕು ಎಂದು ತಲೆ ಕೆಡಿಸಿಕೊಂಡೆವು. ಹೆಚ್ಚಾದರೆ ಸಪ್ಪೆ, ಕಡಿಮೆಯಾದರೆ ಅನ್ಯಾಯ. ಅವರಿಗೆ ಹಿಡಿಸುವಂತಾಗಲು ವಾರಗಳೇ ಹಿಡಿದವು.

ಗೇಮು ಹೊರಬರಲು ಇನ್ನೇನು ಕೆಲವು ದಿನ ಇರುವಾಗ, ಬೆಳಿಗ್ಗೆ ಸ್ನಾನಕ್ಕೆ ಹೋದ ಭಟ್ಟರು ಅಲ್ಲೇ ಕುಸಿದರು. ಹೃದಯಾಘಾತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಬೈಯುವುದಕ್ಕೂ ಮುಂಚೆ ತಿಳಿಸುತ್ತಿದ್ದ ಮನುಷ್ಯ ಹೀಗೆ ತಟ್ಟನೆ ಹೋಗುವುದೆಂದರೇನು? ಆವತ್ತು ಮನೆಗೆ ಬಂದು ಮೇಜು ಕುಟ್ಟಿದೆ. ಕೈ ನೋಯುವವರೆಗೂ ಕುಟ್ಟಿದೆ.

ಕ್ರಿಯೆಗಳೆಲ್ಲ ಮುಗಿದು ಹೋಟೆಲು ಮತ್ತೆ ತೆರೆದ ಮೇಲೆ ತ್ರಿಪ್ಲಿಕೇನ್‌ಗೆ ಹೋದೆ. ಮಧ್ಯಾಹ್ನದ ಬಿಡುವಿನ ಹೊತ್ತು. ಗಲ್ಲಾದಲ್ಲಿ ಅನಂತಣ್ಣ ಇದ್ದರು. ನನ್ನನ್ನು ಕಂಡು ಕಾಫಿ ತರಿಸಿದರು. ಗೇಮು ಹಾಕಿದ್ದ ಫೋನನ್ನು ಅವರ ಮುಂದಿಟ್ಟೆ. ಅಳಿಲನ್ನು ನೋಡಿದ್ದೇ ತಲೆಯಲ್ಲಾಡಿಸಿ ಫೋನನ್ನು ನನ್ನ ಕಡೆಗೇ ತಳ್ಳಿದರು. ಏನು ಹೇಳಲಿ, ಹೇಗೆ ಹೇಳಲಿ? ಲೋಟದ ನೀರಿಗೆ ಬೆರಳದ್ದಿ ಗಲ್ಲಾದ ಮೇಲೆ ಕುಕ್ಕರ್ ಬಿಡಿಸಿದೆ. ಎರಡು ಕಾಲು. ಮೇಲೆದ್ದ ವೆಯ್ಟ್. ಅಣ್ಣನ ಬೆರಳು ಹೀಗೆ ಓಡುವುದನ್ನು ಅವರು ಎಷ್ಟು ಮಧ್ಯಾಹ್ನ ಕಂಡಿದ್ದರೋ. ನೀರು ಆರುವವರೆಗೂ ಅದನ್ನೇ ನೋಡುತ್ತಿದ್ದು, ಫೋನನ್ನು ಕೈಗೆತ್ತಿಕೊಂಡರು.

ಅಳಿಲು ತಾರಸಿಗಳನ್ನು ದಾಟಿತು. ಭಟ್ಟರು ಹೇಳಿದ್ದು ನಿಜ, ಬೆರಳುಗಳು ಬಲು ಚುರುಕು. ಕುಕ್ಕರ್ ಎದುರಾಯಿತು. ವೆಯ್ಟ್ ಎದ್ದಿತು, ಅಲುಗಾಡಿತು. ಅನಂತಣ್ಣ ಓಡಲಿಲ್ಲ. ಇದೇನು ಮಾಡುತ್ತದೋ ಎಂದು ಬಗ್ಗಿ ನೋಡುತ್ತಾ ಕೂತುಬಿಟ್ಟರು. ಮುಚ್ಚಳ ಹಾರಿತು, ಅಳಿಲು ಬಿತ್ತು. ಅವರ ಬಲಗೈ ಮೇಲೆದ್ದಿತು. ನಾನು ಕಾಫಿ ಲೋಟವನ್ನು ಪಕ್ಕಕ್ಕೆ ಎಳೆದುಕೊಂಡೆ.

ಆ ಕೈ ಎದೆಯ ಮೇಲೆ ಬಿತ್ತು. ಇನ್ನೊಮ್ಮೆ ತಟ್ಟಿಕೊಂಡರು. ಬಾಯಿ ತುಂಬ ನಗುತ್ತಾ, ಅದನ್ನು ತೋರಿಸಲೆಂದು ಮೂಲೆಯ ಮೇಜಿನ ಕಡೆ ತಿರುಗಿದರು. ಅಣ್ಣನ ಕುರ್ಚಿ ಖಾಲಿಯಿತ್ತು. ಕೈ ಎದೆಯ ಮೇಲೆಯೇ ಉಳಿಯಿತು. ಬಿಲ್ಲು ಹಿಡಿದು ಒಬ್ಬ ಗಿರಾಕಿ ಬಂದು ನಿಂತ. ಅನಂತಣ್ಣ ಅವನಿಗೆ ಒಂದು ನಿಮಿಷ ಇರು ಎಂದು ಬೆರಳೆತ್ತಿ ತೋರಿಸಿ, ಕಣ್ಣೊರೆಸಿಕೊಂಡು, ಮತ್ತೆ ಆಟದ ಮೇಲೆ ಬಗ್ಗಿದರು.