ಪಟ್ಟೆಯ ಚೀಲ

ಈಗ ಕಿವಿಯ ಹಿಂದೆ ಕೊಯ್ದು ತಲೆಯೊಳಗೇ ಕೇಳುವ ಯಂತ್ರ ಕೂರಿಸುತ್ತಾರಂತೆ. ನನ್ನ ಮಗಳ ಕಾಲದಲ್ಲಿ ಅದು ಬೆಂಕಿಪೊಟ್ಟಣಕ್ಕಿಂತ ದೊಡ್ಡ ಪೆಟ್ಟಿಗೆ. ಎದೆಯ ಮೇಲೆ ನೇತುಹಾಕಬೇಕು, ಅದರ ವಯರು ಕಿವಿಗೆ.

ಹುಟ್ಟಾ ಕಿವುಡಿ ಅವಳು. ಐದು ವರ್ಷವಾದಾಗ ಮಂಗಳೂರಿನ ಡಾಕ್ಟರರು ಚರ್ಮದ ಚೀಲದಲ್ಲಿದ್ದ ಯಂತ್ರ ಕೊಟ್ಟು, “ಒಂದು ತಿಂಗಳು ಇಡೀ ದಿನ ಹಾಕಿ ನೋಡಿ. ಕೇಳುವ ಲಕ್ಷಣ ಕಾಣದಿದ್ದರೆ ವಾಪಸು ತನ್ನಿ, ಬೇರೆ ಮಗುವಿಗಾದೀತು” ಎಂದರು. ಪುತ್ತೂರಲ್ಲಿ ಬಸ್ಸಿಳಿದು, ನಿದ್ದೆ ಹೋದ ಮಗುವನ್ನು ಹೊತ್ತು ನರಿಮೊಗರಿನ ಮನೆಯವರೆಗೆ ನಡೆದೆ. ಮಳೆ ಬರಲಿಲ್ಲ, ದೇವರು ದೊಡ್ಡವನು.

ಅತ್ತೆ ಅಡಿಗೆಮನೆಯ ಬಾಗಿಲಲ್ಲೇ ತಡೆದರು. “ಅದು ಚರ್ಮದ ಚೀಲ ಅಲ್ವಾ? ಒಳಗೆ ತರ್ಬೇಡ.”

“ಇಡೀ ದಿನ ಹಾಕ್ಲಿಕ್ಕೆ ಹೇಳಿದ್ದಾರೆ ಅತ್ತೆ. ಇವಳು ನನ್ನ ಸೆರಗು ಬಿಡುದುಂಟಾ?”

“ಹಾಕ್ಲಿ ಮಾರಾಯ್ತಿ, ಯಾರು ಬೇಡ ಹೇಳಿದ್ದು? ಮಾವ ಪೂಜೆಗೆ ಉಡ್ತಿದ್ದ ರೇಷ್ಮೆಯ ಹಳೆ ಪಟ್ಟೆಮಡಿ ಉಂಟಲ್ಲ, ಅದ್ರಲ್ಲಿ ಚೀಲ ಹೊಲಿ. ಪಟ್ಟೆಗೆ ಮೈಲಿಗೆ ಇಲ್ಲ.”

ಹೊಲಿದೆ. ಹಾಕಿದ ಗಳಿಗೆಯಿಂದ ಮಗು ಮುಖ ಕಿವುಚಿ ವಯರು ಕೀಳತೊಡಗಿತು. ನಾನು ಸಿಕ್ಕಿಸುವುದು, ಅವಳು ಕೀಳುವುದು. ಒಲೆಯ ಮುಂದೆ ಕೂತು “ಅಮ್ಮ, ಅಮ್ಮ” ಎಂದು ಪೆಟ್ಟಿಗೆಗೆ ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ಅವಳು ತಿರುಗಿಯೂ ನೋಡಲಿಲ್ಲ. ತಿಂಗಳು ಮುಗಿಯುತ್ತ ಬಂದಾಗ ಇವರೆಂದರು, “ಎಂತಕ್ಕೆ ಮಗುವನ್ನು ಗೋಳು ಹೊಯ್ಕೊಳ್ಳುದು? ಸೋಮವಾರ ಕೊಟ್ಟು ಬರುವ.” ನನಗೂ ಬೇಡವೆನ್ನಲು ತ್ರಾಣವಿರಲಿಲ್ಲ.

ಶನಿವಾರ ಪಟ್ಟೆಯ ಚೀಲ ಒಗೆದು ಹಾಕಿದ್ದೆ. ಪೆಟ್ಟಿಗೆಯನ್ನು ಹಾಗೆಯೇ ದಾರ ಕಟ್ಟಿ ಅವಳ ಕೊರಳಿಗೆ ಹಾಕಿ ಜಗಲಿಯಲ್ಲಿ ಕೂರಿಸಿದೆ. ಆ ಹೊತ್ತು ಅವಳು ವಯರಿಗೆ ಕೈಹಾಕಲಿಲ್ಲ. ಪೂಜೆ ಮುಗಿಸಿ ಪಟ್ಟೆಸೀರೆಯಲ್ಲೇ ಬಂದ ಅತ್ತೆ ಅವಳನ್ನು ಎತ್ತಿಕೊಂಡರು. ಮಗು ಚೀರಿ ಕಿವಿ ಹಿಡಿದುಕೊಂಡಿತು. ಅತ್ತೆ ಗಾಬರಿಯಿಂದ ಇಳಿಸಿದರು, ಸುಮ್ಮನಾಯಿತು. ಸ್ವಲ್ಪ ಹೊತ್ತು ನೋಡಿದವರು ಅವಳ ಹಿಂದೆ ನಿಂತು, ಸೆರಗಿನ ತುದಿಯನ್ನು ಪೆಟ್ಟಿಗೆಯ ಮುಖಕ್ಕೆ ಮೆಲ್ಲಗೆ ಉಜ್ಜಿದರು. ಮತ್ತೆ ಕಿವಿಗೆ ಕೈ.

“ಹೇ, ಬಾ ಇಲ್ಲಿ! ಇವಳಿಗೆ ಪಟ್ಟೆಯ ಸದ್ದು ಕೇಳ್ತದೆ!”

ಸದ್ದು ಹಿಡಿಯುವ ತೂತುಗಳು ಆ ಪೆಟ್ಟಿಗೆಯ ಮುಖದಲ್ಲೇ ಇದ್ದವು. ಒಂದು ತಿಂಗಳು ಅವಳ ಕಿವಿಯಲ್ಲಿ ಬರೀ ಪಟ್ಟೆ ಉಜ್ಜಿದ್ದು. ನನ್ನ ಕೂಗು ಅದರಡಿ ಎಲ್ಲಿ ಹೋಯಿತೋ.

ಸೋಮವಾರ ಯಾರೂ ಮಂಗಳೂರಿಗೆ ಹೋಗಲಿಲ್ಲ. ಅತ್ತೆ ತಮ್ಮ ಮೆತ್ತನೆಯ ಹಳೇ ನೂಲಿನ ಸೀರೆ ಹರಿದು, ತೂತುಗಳ ಜಾಗ ಬಿಟ್ಟು, ಎರಡು ಚೀಲ ಹೊಲಿದರು. ನೂಲಿಗೆ ಮೈಲಿಗೆ ಉಂಟಲ್ಲ, ದಿನಾ ಒಗೆದು ಮಡಿಯಲ್ಲಿ ಒಣಗಿಸುವ ಕೆಲಸ ನನ್ನ ತಲೆಗೆ ಬಂತು. ಮಳೆಗಾಲದಲ್ಲಿ ಅವು ಒಣಗುತ್ತಲೂ ಇರಲಿಲ್ಲ.

ಅವಳು ಮಾತು ಕಲಿಯಲಿಲ್ಲ. ಹತ್ತಿರದಿಂದ ಗಟ್ಟಿಯಾಗಿ ಕೂಗಿದರೆ ತಿರುಗುತ್ತಿದ್ದಳು, ಅಷ್ಟೆ. ಒಲೆಯ ಕಡೆ ಕೈ ಚಾಚಿದಾಗ ಓಡಿಹೋಗಿ ಎಳೆಯುವುದು ತಪ್ಪಿತು. ಕೂತಲ್ಲಿಂದಲೇ ಕೂಗುತ್ತಿದ್ದೆ, ಕೈ ಹಿಂದೆ ತೆಗೆಯುತ್ತಿದ್ದಳು. ನನ್ನ ಕಾಲಿಗೆ ದೇವರು ಅಷ್ಟು ವಿಶ್ರಾಂತಿ ಕೊಟ್ಟ.