ಬಾನೆಟ್ಟಿಗೆ ಕಿವಿಗೊಟ್ಟವರು

ಮೇಸ್ತ್ರಿಯ ಎಡಗಿವಿಯ ಮೇಲೆ ಗ್ರೀಸಿನ ಕಲೆ ಇಲ್ಲದ್ದನ್ನು ನಾನು ನೋಡಿದ್ದು ಒಂದೇ ಸಲ. ಮಸ್ಕಿಯಲ್ಲಿ ಲಿಂಗಸುಗೂರು ರಸ್ತೆಯ ಬದಿಗೆ ಅವರದೊಂದು ತಗಡಿನ ಶೆಡ್ಡು. ಗಾಡಿಯ ಬಾನೆಟ್ಟು ಸರಿಯಾಗಿ ಕೂರದವರು, ಬ್ಯಾಟರಿ ಕಳವಾದೀತೆಂದು ಹೆದರಿದವರು ಅಲ್ಲಿಗೆ ಬಂದು, ಹೊರಗಿನಿಂದ ಕೂರಿಸುವ ಬೀಗದ ಕೊಂಡಿ ಹಾಕಿಸಿಕೊಂಡು ಹೋಗುತ್ತಿದ್ದರು. ಹಾಕಿ ಮುಗಿದ ಮೇಲೆ ಮೇಸ್ತ್ರಿ ಬಗ್ಗಿ ತಗಡಿಗೆ ಕಿವಿ ಹಚ್ಚುವರು, ಅಂಗೈಯಿಂದ ಕೊಂಡಿಯನ್ನು ಒತ್ತುವರು. ಟಕ್ ಎಂದು ಒಣ ಸಪ್ಪಳ ಬರಬೇಕು. ಬರದಿದ್ದರೆ ಎಲ್ಲ ಬಿಚ್ಚಿ ಮೊದಲಿನಿಂದ ಶುರು.

"ಕಣ್ಣಿಗೆ ಎಲ್ಲಾ ಮುಚ್ಚಿದಂಗ ಕಾಣ್ತಾವ ತಮ್ಮಾ. ಕಿವಿಗೆ ಖರೇ ಹೇಳ್ತಾವ" ಎನ್ನುತ್ತಿದ್ದರು.

ನಾನೋ ಚಹಾ ಆರುವವರೆಗೆ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವ ಪೈಕಿ. ಅವರ ಶೆಡ್ಡಿನಲ್ಲಿ ಕಾಯುವುದೆಂದರೆ ನನಗೆ ಶಿಕ್ಷೆ. ಆದರೆ ಬೇರೆ ದಾರಿ ಇರಲಿಲ್ಲ. ನಾಟಿಯ ಹಂಗಾಮಿನಲ್ಲಿ ಮಸ್ಕಿಯ ಹೆಣ್ಣುಮಕ್ಕಳನ್ನು ತುರ್ವಿಹಾಳದ ಗದ್ದೆಗಳಿಗೆ ಕರೆದೊಯ್ಯುವ ನನ್ನ ಹಳೆಯ ಜೀಪು, ಅಕ್ಕಿ ಗಿರಣಿಯೊಂದರ ಗೇಟಿಗೆ ಮೂತಿ ಗುದ್ದಿಕೊಂಡಿತ್ತು. ಅಂದಿನಿಂದ ಬಾನೆಟ್ಟು ನಿಲ್ಲುತ್ತಿರಲಿಲ್ಲ. ಹಗ್ಗ ಕಟ್ಟಿ ಓಡಿಸುತ್ತಿದ್ದೆ. ಕೂಲಿಗೆ ಬರುವವರಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು, "ನಿನ್ನ ಗಾಡಿ ನಿನ್ನಂಗ ಐತಿ ನೋಡಪಾ, ಬಾಯಿ ಮುಚ್ಚಂಗಿಲ್ಲ" ಎಂದು ದಿನಾ ಕಾಡುತ್ತಿದ್ದಳು.

ಮೇಸ್ತ್ರಿ ಎರಡೂ ಬದಿಗೆ ಒಂದೊಂದು ಕೊಂಡಿ ಕೂರಿಸಿದರು. ಒಳಗೆ ಕಂಪನಿಯವರು ಕೊಟ್ಟಿದ್ದ ಹಳೆಯ ಕೊಕ್ಕೆ ಅರ್ಧ ಬಾಗಿ ಕಿರ್ ಕಿರ್ ಎನ್ನುತ್ತಿತ್ತು. ಅದನ್ನು ಕತ್ತರಿಸಿ ಒಗೆಯಿರಿ ಎಂದೆ. ಅವರು ಒಪ್ಪಲಿಲ್ಲ. ಒಲೆಯಲ್ಲಿ ಕಾಸಿ, ಬಡಿದು, ಎಣ್ಣೆ ಹಾಕಿ ಮತ್ತೆ ಅಲ್ಲೇ ಕೂರಿಸಿದರು. ಅದಕ್ಕೇ ಅರ್ಧ ದಿನ ಹೋಯಿತು.

"ಹೊಸಾ ಕೊಂಡಿ ಮ್ಯಾಲೆ ನಿಮಗ ಭರೋಸಾ ಇಲ್ಲೇನ್ರಿ?" ಎಂದು ಕೆಣಕಿದೆ.

"ಐತಿ. ಆದ್ರ ನಾ ಹಾಕಿದ್ದು ಕೈ ಕೊಟ್ರ ಹಿಡಿಯಾಕ ಹಿಂದ ಒಬ್ಬರು ಬೇಕಲ್ಲ" ಎಂದರು.

ಮುಂದಿನ ಅಮಾವಾಸ್ಯೆ ಬಂತು. ಆ ದಿನ ಗಾಡಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟದೆ ನಮ್ಮ ಕಡೆ ಯಾರೂ ಕೀಲಿ ತಿರುಗಿಸುವುದಿಲ್ಲ. ದಾರ ಪೋಣಿಸಲು ಕೊಂಡಿಯ ಬಾಯಿ ಹೇಳಿ ಮಾಡಿಸಿದಂತಿತ್ತು. ಎಡಗಡೆ ನಿಂಬೆಹಣ್ಣು, ಚೆಂದ ಕಾಣಲೆಂದು ಬಲಗಡೆ ಕರಿದಾರದ ಗೊಂಡೆ. ಕೊಂಡಿ ಒತ್ತಿದೆ, ಅದರ ಬೀಗದ ಕೀಲಿ ತಿರುಗಿತು. ಸಪ್ಪಳ ಕೇಳುವಷ್ಟು ಪುರಸೊತ್ತು ನನಗೆಲ್ಲಿ?

ಕಾಲುವೆಯ ಏರಿಯ ಮೇಲೆ ಹೋಗುವಾಗ ಎದುರಿಗೆ ಲಾರಿಯೊಂದು ಭರ್ರನೆ ಹಾದುಹೋಯಿತು. ಆ ಗಾಳಿಗೆ ಎರಡೂ ಕೊಂಡಿ ಕಳಚಿ ಬಾನೆಟ್ಟು ಎದ್ದಿತು. ಎಡಕ್ಕೆ ತುಂಬಿದ ಕಾಲುವೆ, ಹಿಂದೆ ಒಂಬತ್ತು ಜನ ಹೆಣ್ಣುಮಕ್ಕಳು. ಪೂರ್ತಿ ಎದ್ದು ಗಾಜಿಗೆ ಬಡಿದಿದ್ದರೆ ನನಗೆ ರಸ್ತೆಯೇ ಕಾಣುತ್ತಿರಲಿಲ್ಲ. ಅದು ನಾಲ್ಕು ಬೆರಳಷ್ಟು ಎದ್ದು ಅಲ್ಲೇ ನಿಂತಿತು. ಗಾಡಿ ನಿಲ್ಲಿಸಿ ಬಗ್ಗಿ ನೋಡಿದರೆ, ನಾನು ಕತ್ತರಿಸಿ ಒಗೆಯಿರಿ ಎಂದಿದ್ದ ಹಳೆಯ ಕೊಕ್ಕೆ ಒಂದೇ ಎಲ್ಲವನ್ನೂ ಹಿಡಿದುಕೊಂಡಿತ್ತು.

"ನಿಂಬಿಹಣ್ಣು ಕಾಯ್ತು ನೋಡು" ಎಂದಳು ಅಜ್ಜಿ. ನಾನು ಸೀಟಿನ ಕೆಳಗಿನ ಹಳೆಯ ಹಗ್ಗ ಎಳೆದು ಬಾನೆಟ್ಟನ್ನು ಬಿಗಿದು ಕಟ್ಟಿದೆ.

ಅವರನ್ನು ಗದ್ದೆಗೆ ಬಿಟ್ಟು ಜಗಳಕ್ಕೆಂದೇ ಶೆಡ್ಡಿಗೆ ಹೋದೆ. "ಎಂಥಾ ಕೊಂಡಿ ಹಾಕೀರಿ?" ಎಂದು ದನಿ ಏರಿಸಿದೆ. ಮೇಸ್ತ್ರಿ ಹಗ್ಗ, ದಾರ ಎರಡನ್ನೂ ಬಿಚ್ಚಿ, ನನ್ನ ತಲೆಯನ್ನು ಬಾನೆಟ್ಟಿನ ಹತ್ತಿರಕ್ಕೆ ಬಗ್ಗಿಸಿ ಕೊಂಡಿ ಒತ್ತಿದರು. ಟಕ್. ಮತ್ತೆ ದಾರ ಹಾಕಿ ಒತ್ತಿದರು. ಥಪ್. ಹಸಿಮಣ್ಣಿಗೆ ಕಲ್ಲು ಬಿದ್ದಂತೆ. ಕೊಂಡಿ ಕಚ್ಚದಿದ್ದರೂ ಬೀಗದ ಕೀಲಿ ಮಾತ್ರ ತಿರುಗುತ್ತಿತ್ತು. ನನ್ನ ಮುಖ ಸಣ್ಣದಾಯಿತು. ಇನ್ನು ಬೈಗುಳ ಶುರುವಾಗುತ್ತದೆಂದು ತಲೆ ತಗ್ಗಿಸಿ ನಿಂತೆ.

ಅವರು ಹಳೆಯ ಟಯರಿನ ಮೇಲೆ ಕುಳಿತರು. ಆ ದಾರವನ್ನು ಬೆರಳಿಗೆ ಸುತ್ತುತ್ತ ಹೇಳಿದರು: "ಗಲತಿ ನಂದು. ನಮ್ಮ ಮಂದಿ ಅಮಾಸಿಗೆ ನಿಂಬಿಹಣ್ಣು ಕಟ್ತಾರ ಅಂತ ನನಗ ಗೊತ್ತಿಲ್ಲೇನು? ತೂತು ಕಂಡಲ್ಲಿ ದಾರ ಪೋಣಸ್ತಾರ. ನಾ ಮೊದಲ ಯೋಚ್ನಿ ಮಾಡಬೇಕಿತ್ತು."

"ಇನ್ನ ಮ್ಯಾಲೆ ಕಟ್ಟಬ್ಯಾಡ್ರಿ ಅಂತ ಹೇಳಿಬಿಡ್ರಿ" ಎಂದೆ.

"ನಾ ಹೇಳಿದ್ರ ಬಿಡ್ತಾರೇನು? ಮನ್ಯಾಗ ಅವ್ವ ಕಟ್ಟು ಅಂದಿರ್ತಾಳ. ದೇವರಿಗೊಂದು ಬ್ಯಾರೆ ಜಾಗ ಮಾಡಿಕೊಟ್ಟರ ಆತು."

ಅಂದೇ ನನ್ನ ಜೀಪಿನ ಬಂಪರಿಗೆ ಬೆರಳ ಗಾತ್ರದ ಕಬ್ಬಿಣದ ಉಂಗುರವೊಂದನ್ನು ಬೆಸೆದು, ನಿಂಬೆಹಣ್ಣನ್ನು ತಮ್ಮ ಕೈಯಾರೆ ಅದಕ್ಕೆ ಕಟ್ಟಿದರು. ಮರುದಿನದಿಂದ ದಿನಾ ಮಧ್ಯಾಹ್ನ ಶೆಡ್ಡಿನ ಬಾಗಿಲು ಎಳೆದು ನನ್ನ ಜೀಪಿನಲ್ಲಿ ಹೊರಟರು. ಸಿಂಧನೂರಿನ ಭತ್ತದ ಮಂಡಿಯ ಮುಂದೆ, ಲಿಂಗಸುಗೂರಿನ ನಿಲ್ದಾಣದ ಬಳಿ, ಹಟ್ಟಿಯ ಚಿನ್ನದ ಗಣಿಗೆ ಪಾಳಿಯ ಜನರನ್ನು ಒಯ್ಯುವ ಗಾಡಿಗಳ ಸಾಲಿನಲ್ಲಿ ತಮ್ಮ ಕೊಂಡಿ ಎಲ್ಲಿ ಕಂಡರೂ ಕೈ ಅಡ್ಡ ಹಿಡಿದು ನಿಲ್ಲಿಸುವರು. "ನನ್ನಿಂದ ಒಂದು ತಪ್ಪಾಗೇತ್ರಿ, ಶೆಡ್ಡಿಗೆ ಬಂದು ಉಂಗುರ ಹಾಕಿಸ್ಕೊಂಡು ಹೋಗ್ರಿ" ಎನ್ನುವರು. ಕೆಲವರು ನಕ್ಕರು. ಒಬ್ಬ ಡ್ರೈವರ್ ನಾಲ್ಕು ಜನರ ಮುಂದೆ ಬಾಯಿಗೆ ಬಂದಂತೆ ಅಂದ. ನಾನು ಸ್ಟೇರಿಂಗ್ ಹಿಡಿದು ಕುಳಿತೇ ಇದ್ದೆ. ತಪ್ಪು ನನ್ನದೆಂದು ಇಳಿದು ಹೇಳುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ. ನನ್ನತ್ತ ಅವರು ಬೆರಳು ತೋರಿಸಲೂ ಇಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ವರ್ಷ ಮೇಸ್ತ್ರಿ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಸ್ಕಿಗೆ ತರಲು ನನ್ನ ಜೀಪೇ ಆಗಬೇಕೆಂದು ಅವರ ಹೆಂಡತಿ ಹೇಳಿ ಕಳಿಸಿದ್ದರು. ಒಳಗೆ ಮಲಗಿಸುವಾಗ ನೋಡಿದೆ, ಎಡಗಿವಿ ಸ್ವಚ್ಛವಾಗಿತ್ತು. ಯಾರೋ ಒರೆಸಿದ್ದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದವನಿಗೆ ಅದೊಂದನ್ನು ತಡೆಯಲಾಗಲಿಲ್ಲ.

ಹೊರಡಬೇಕೆನ್ನುವಾಗ, ಬಂದಿದ್ದ ನೆಂಟರಲ್ಲಿ ಒಬ್ಬರು ಜೀಪಿನ ಮುಂಭಾಗಕ್ಕೆ ಚೆಂಡುಹೂವಿನ ಮಾಲೆ ಕಟ್ಟಿದರು. ದಾರದ ಎರಡೂ ತುದಿ ಕೊಂಡಿಯ ಬಾಯೊಳಗೇ.

ಇಳಿದು ಮಾಲೆ ಬಿಚ್ಚಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಂಪರಿನ ಉಂಗುರಕ್ಕೆ ಅದನ್ನು ಕಟ್ಟಿ, ಬಗ್ಗಿ ತಗಡಿಗೆ ಕಿವಿ ಹಚ್ಚಿದೆ. ಹಿಂದಿನಿಂದ ಒಬ್ಬರು ಬೆನ್ನು ಸವರಿ, "ಅಳಬ್ಯಾಡಪಾ, ತಡಾ ಆಗಾಕತ್ತೈತಿ" ಎಂದರು.

"ಅಳಾಕತ್ತಿಲ್ರಿ, ಸಪ್ಪಳ ಕೇಳಾಕತ್ತೀನಿ" ಎಂದೆ.

ಎಡಗಡೆಯ ಕೊಂಡಿ ಒತ್ತಿದೆ. ಬಲಗಡೆಯದನ್ನೂ ಒತ್ತಿದೆ. ಎರಡೂ ಟಕ್ ಎಂದವು. ಆಮೇಲೆ ನಿಧಾನವಾಗಿ ಮೇಸ್ತ್ರಿಯನ್ನು ಮನೆಗೆ ಕರೆದುಕೊಂಡು ಹೋದೆ.